ಡಾಡ್ ಬರೆಯುತ್ತಿದ್ದ ‘ಹೇಮ್’

ಸ್ಕಾಟ್ಲೆಂಡಿನ ಅಬರ್ಡೀನಿನಲ್ಲಿ ನಾನೂ ಇಶ್ಬೆಲ್‌ಳೂ ಮೀನುಗಾರರ ಹಳೆಯ ಪತ್ರಗಳನ್ನು ಕಂಪ್ಯೂಟರಿಗೆ ಏರಿಸುತ್ತಿದ್ದೆವು. ಸ್ಕಾಟ್ಸ್ ಮಾತನ್ನು ಅವರು ಒಬ್ಬೊಬ್ಬರು ಒಂದೊಂದು ಥರ ಬರೆಯುತ್ತಿದ್ದರು. ಒಂದೇ ಪದದ ಬೇರೆ ಬೇರೆ ಕಾಗುಣಿತಗಳನ್ನು ಹುಡುಕಿ ಒಟ್ಟುಗೂಡಿಸುವುದು ನಮ್ಮ ಪ್ರೋಗ್ರಾಮಿನ ಕೆಲಸ.

ಆ ಮಧ್ಯಾಹ್ನ, ಮನೆ ಎಂಬ ಅರ್ಥದ ‘ಹೇಮ್’ ಪದದ ಪಟ್ಟಿಯಲ್ಲಿ, ಕೊನೆಯಲ್ಲಿ ಮೂರು ‘ಎಂ’ ಅಕ್ಷರಗಳಿದ್ದ ಒಂದು ರೂಪ ಬಂತು. ಇಶ್ಬೆಲ್ ನಕ್ಕಳು.

“ನಮ್ಮ ಡಾಡ್ ಹೀಗೇ ಬರೀತಿದ್ದ ಕಣೆ. ಮೇಷ್ಟ್ರು ಎಷ್ಟು ಹೊಡೆದ್ರೂ ಬಿಡ್ಲಿಲ್ಲ, ಕತ್ತೆ!”

ಡಾಡ್ ಅವಳ ತಮ್ಮ. ಹನ್ನೊಂದು ವರ್ಷದ ಹಿಂದೆ ದೋಣಿಯ ಸಮೇತ ಸಮುದ್ರದಲ್ಲಿ ಕಾಣೆಯಾದವನು.

ಯಾವ ಪತ್ರದ್ದೆಂದು ಒತ್ತಿ ನೋಡಿದೆ. ಪತ್ರದ ಸಂಖ್ಯೆಯಿರಲಿಲ್ಲ, ಒಂದೇ ಸಾಲಿತ್ತು: ‘ಅಕ್ಕಾ, ಮನೆಗೆ ಬರ್ತಿದ್ದೀನಿ, ಟೀ ಇಡು.’ ಅದನ್ನು ನಾವಿಬ್ಬರೂ ಟೈಪ್ ಮಾಡಿರಲಿಲ್ಲ. ಹೀಟರ್ ಉರಿಯುತ್ತಿದ್ದರೂ ಕೀಬೋರ್ಡ್ ಕೊರೆಯುವಷ್ಟು ತಣ್ಣಗಿತ್ತು. ಬೆರಳಿಗೆ ತೇವ ಹತ್ತಿತು. ಮೂಸಿದರೆ ಉಪ್ಪುನೀರಿನ ವಾಸನೆ.

“ಅಳಿಸಿಬಿಡ್ಲಾ?” ಎಂದೆ.

“ಬೇಡ ಕಣೆ. ಪಾಪ, ಚಳೀಲಿ ಬರ್ತಾನೆ,” ಎಂದವಳೇ ಕೋಟು ಹಾಕಿಕೊಂಡು ಹೊರಟುಬಿಟ್ಟಳು.

ಮರುದಿನ ಬೆಳಿಗ್ಗೆ ಅವಳು ಕೆಲಸಕ್ಕೆ ಬರಲಿಲ್ಲವೆಂದು ಅವಳ ಮನೆಗೇ ಹೋದೆ. ಕುರ್ಚಿಯಲ್ಲಿ ಕೂತೇ ನೆಮ್ಮದಿಯಾಗಿ ನಿದ್ದೆ ಹೋಗಿದ್ದಳು. ಮೇಜಿನ ಮೇಲೆ ಎರಡು ಕಪ್‌ಗಳಿದ್ದವು. ಅವಳ ಟೀ ಹಾಗೇ ಆರಿಹೋಗಿತ್ತು. ಇನ್ನೊಂದು ಕಪ್ ಖಾಲಿಯಾಗಿತ್ತು. ಎತ್ತಿ ನೋಡಿದೆ, ಇನ್ನೂ ಬಿಸಿಯಾಗಿತ್ತು.