ಎರಡನೇ ಕಾರಿಗೆ ಬಂದ ಎಂಜಿನ್

ಭಾನುವಾರ ಬೆಳಗ್ಗೆ ಠಾಣೆಗೆ ಬಂದ ದೂರನ್ನು ದಫೇದಾರ ಮಾಮೂಲಿ ಅಪಘಾತ ಎಂದೇ ಬರೆದುಕೊಳ್ಳಲು ಕುಳಿತಿದ್ದ. ದೂರು ತಂದಿದ್ದವರು ಪೇಟೆಯ ಹಲ್ಲಿನ ಡಾಕ್ಟರ ಹೆಂಡತಿ. ಆಸ್ಪತ್ರೆಯಿಂದ ನೇರ ಬಂದಿದ್ದರು. ಒಂದು ಕಾಲಲ್ಲಿ ತಮ್ಮ ಚಪ್ಪಲಿ, ಇನ್ನೊಂದರಲ್ಲಿ ಗಂಡನದು. ಅದು ಅವರ ಗಮನಕ್ಕೇ ಬಂದಿರಲಿಲ್ಲ. ಗಂಡನ ಭುಜದ ಮೂಳೆ ಮುರಿದಿತ್ತು. ಕಾರಿನಲ್ಲಿ ಅವರ ಪಕ್ಕ ಕುಳಿತಿದ್ದ ಮಗಳಿಗೆ ಇನ್ನೂ ಪ್ರಜ್ಞೆ ಬಂದಿರಲಿಲ್ಲ. ಹೆದ್ದಾರಿಯ ತಿರುವಿನಲ್ಲಿ ಕಾರು ಗಿರಕಿ ಹೊಡೆದು, ರಸ್ತೆಯಂಚಿನ ಇಳಿಜಾರಿಗೆ ಉರುಳಿ ಬಿದ್ದಿತ್ತು.

ಅತಿವೇಗ ಮತ್ತು ಅಜಾಗರೂಕತೆ ಎಂದು ದಫೇದಾರ ಬರೆಯುತ್ತಿದ್ದದ್ದನ್ನು ಆಕೆ ತಲೆಕೆಳಗಾಗಿಯೇ ಓದಿಕೊಂಡರು.

"ಹಾಗೆ ಬರೀಬೇಡಿ. ನಮ್ಮನೆಯವರು ಆ ಕಾರನ್ನ ಕೂಸಿನ ಥರ ಓಡಿಸೋರು. ಅದಕ್ಕೆ ಯಾರೋ ಏನೋ ಮಾಡಿದ್ದಾರೆ."

ಒಳಕೋಣೆಯಿಂದ ಇನ್‌ಸ್ಪೆಕ್ಟರ್ ಎದ್ದು ಬಂದಳು. ಇಪ್ಪತ್ತು ವರ್ಷದ ನೌಕರಿಯಲ್ಲಿ ಇಂಥ ಮಾತನ್ನು ಸಾಕಷ್ಟು ಸಲ ಕೇಳಿದ್ದಳು. ಸ್ಟಿಯರಿಂಗ್ ಹಿಡಿದಿದ್ದವನದೇ ತಪ್ಪು ಎಂದು ಯಾವ ಮನೆಯವರೂ ಒಪ್ಪುವುದಿಲ್ಲ. ಆದರೂ ಯಾರ ಮೇಲಾದರೂ ಅನುಮಾನವಿದೆಯೇ ಎಂದು ಕೇಳಿದಳು.

"ಗ್ಯಾರೇಜಿನವನ ಮೇಲೆ. ಚೆನ್ನಾಗಿದ್ದ ಎಂಜಿನ್ ಇಳಿಸಿ ಬೇರೆ ಹತ್ತಿಸಿದ್ದು ಅವನೇ," ಎಂದರು ಆಕೆ.

ಎಫ್‌ಐಆರ್ ದಾಖಲಾಯಿತು. ಮಧ್ಯಾಹ್ನದ ಹೊತ್ತಿಗೆ ಇನ್‌ಸ್ಪೆಕ್ಟರ್, ದಫೇದಾರ ಮತ್ತು ಇಬ್ಬರು ಪೇದೆಗಳು ಪಂಚರೊಂದಿಗೆ ಸ್ಥಳದಲ್ಲಿದ್ದರು. ಮೋಟಾರು ವಾಹನ ನಿರೀಕ್ಷಕರೂ ಬಂದರು. ಕಾರು ಹೊಟ್ಟೆ ಮೇಲೆ ಮಾಡಿಕೊಂಡು ಬಿದ್ದಿತ್ತು. ಐವತ್ತು ವರ್ಷಕ್ಕೂ ಹಳೆಯ ಸ್ಪೋರ್ಟ್ಸ್ ಕಾರು, ಎರಡೇ ಸೀಟು, ಮೇಲೆ ಹೊದಿಕೆಯಿಲ್ಲ. ಬಣ್ಣ ಕಡು ಹಸಿರು. ಪುಡಿಯಾದ ಗಾಜಿನ ನಡುವೆ ಒಂದು ಹೆಣ್ಣುಮಗಳ ಕನ್ನಡಕ ಮಾತ್ರ ಏನೂ ಆಗದೆ ಉಳಿದಿತ್ತು. ಪೇದೆ ಅದನ್ನು ಎತ್ತಿ ಕವರಿಗೆ ಹಾಕಿದ.

ಹಿಂದೆ ಬರುತ್ತಿದ್ದ ಲಾರಿಯ ಚಾಲಕ ಅಲ್ಲೇ ಕಾದಿದ್ದ. ತಾನು ಮೆಲ್ಲಗೇ ಬರುತ್ತಿದ್ದೆ, ಕಾರೂ ಅಂಥ ವೇಗದಲ್ಲೇನೂ ಇರಲಿಲ್ಲ, ಇದ್ದಕ್ಕಿದ್ದಂತೆ ಹಿಂದಿನ ಚಕ್ರಗಳು ನಿಂತೇ ಹೋದವು ಎಂದ.

"ಬ್ರೇಕ್ ಹೊಡೆದಿರಬೇಕು," ಎಂದಳು ಇನ್‌ಸ್ಪೆಕ್ಟರ್.

"ಇಲ್ಲ ಮೇಡಂ. ಬ್ರೇಕ್ ಲೈಟ್ ಉರೀಲೇ ಇಲ್ಲ. ಅದೇ ನಂಗೂ ಆಶ್ಚರ್ಯ."

ರಸ್ತೆಯ ಮೇಲೆ ಎರಡೇ ಕಪ್ಪು ಗೆರೆಗಳಿದ್ದವು, ಹಿಂದಿನ ಚಕ್ರಗಳದ್ದು. ಪಂಚನಾಮೆಯಲ್ಲಿ ಅವನ್ನು ಅಳೆದು ಬರೆದರು. ನಿರೀಕ್ಷಕರು ಕಾರಿನ ಎಂಜಿನ್ ಸಂಖ್ಯೆಯನ್ನು ದಾಖಲೆಯ ಜೊತೆ ಹೋಲಿಸಿ ತಲೆಯಾಡಿಸಿದರು. ದಾಖಲೆಯಲ್ಲಿದ್ದದ್ದು ನಾಲ್ಕು ಸಿಲಿಂಡರಿನ ಸಣ್ಣ ಎಂಜಿನ್. ಒಳಗಿದ್ದದ್ದು ಅದೇ ಕಂಪನಿ ಅದೇ ಕಾಲದಲ್ಲಿ ತನ್ನ ದೊಡ್ಡ ಕಾರಿಗೆಂದು ಮಾಡಿದ ಆರು ಸಿಲಿಂಡರಿನದು. ಹಳೆ ಕಾರಿನ ಹುಚ್ಚಿರುವವರು ಹೀಗೆ ಮಾಡುವುದುಂಟು ಎಂದು ಅವರು ವಿವರಿಸಿದರು. ಹೊಸ ಎಂಜಿನ್ ಹಾಕಿದರೆ ಕಾರಿನ ಕಳೆಯೇ ಹೋಗುತ್ತದಂತೆ; ಅದೇ ಕಾಲದ ದೊಡ್ಡ ಎಂಜಿನ್ ಸಿಕ್ಕಿದರೆ ಕಳೆಯೂ ಉಳಿದು ಕಸುವು ಇಮ್ಮಡಿಯಾಗುತ್ತದಂತೆ. ಕಾರಿನ ವಿಷಯದಲ್ಲಿ ಇನ್‌ಸ್ಪೆಕ್ಟರಿಗೆ ಕೀಲಿ ತಿರುಗಿಸುವುದಷ್ಟೇ ಗೊತ್ತಿತ್ತು. ಆಕೆ ಸುಮ್ಮನೆ ಕೇಳಿಸಿಕೊಂಡಳು.

ಕಾರನ್ನು ಠಾಣೆಯ ಹಿಂದಿನ ಅಂಗಳಕ್ಕೆ ಎಳೆದು ತಂದ ಮೇಲೆ ನಿರೀಕ್ಷಕರು ಎಂಜಿನ್ನಿನ ತಳದ ತಟ್ಟೆ ಬಿಚ್ಚಿಸಿದರು. ಆಯಿಲ್ ಬದಲು ಬೂದು ಬಣ್ಣದ ಕೆಸರು ಸುರಿಯಿತು. ಅವರು ಅದನ್ನು ಎರಡು ಬೆರಳ ನಡುವೆ ತಿಕ್ಕಿ ನೋಡಿದರು.

"ವಾಲ್ವ್ ಉಜ್ಜೋ ಪೇಸ್ಟು ಮೇಡಂ. ಕಬ್ಬಿಣಾನೇ ಸವೆಸೋ ಪುಡಿ ಇರುತ್ತೆ ಇದ್ರಲ್ಲಿ. ಆಯಿಲ್ ಜೊತೆ ಸೇರಿ ಬೇರಿಂಗ್ ಎಲ್ಲ ತಿಂದುಹಾಕಿದೆ. ಓಡ್ತಾ ಓಡ್ತಾನೇ ಎಂಜಿನ್ ಹಿಡ್ಕೊಂಡ್ಬಿಟ್ಟಿದೆ, ಅದರ ಜೊತೆ ಚಕ್ರಾನೂ."

"ತಾನಾಗೇ ಒಳಗೆ ಹೋಗೋ ವಸ್ತುವೇ?"

"ಯಾರಾದ್ರೂ ಹಾಕಿದ್ರೆ ಮಾತ್ರ."

ಬ್ರೇಕು ಹೇಗಿತ್ತು ಎಂದು ಆಕೆ ಕೇಳಿದಳು. ಆ ಎಂಜಿನ್ನಿಗೆ ತಕ್ಕಂತೆ ಹೊಸದಾಗಿ ಡಿಸ್ಕ್ ಬ್ರೇಕ್ ಹಾಕಿದ್ದಾರೆ, ಒಂದು ಚೂರೂ ಕುಂದಿಲ್ಲ, ತಮ್ಮ ಸ್ವಂತ ಕಾರಿಗೂ ಇಷ್ಟು ಒಳ್ಳೇ ಬ್ರೇಕಿಲ್ಲ ಎಂದರು ನಿರೀಕ್ಷಕರು.

ಬೆಳಗ್ಗೆಯ ಅಪಘಾತ ಸಂಜೆಗೆ ಅಪರಾಧವಾಯಿತು. ಇನ್‌ಸ್ಪೆಕ್ಟರ್ ಎಫ್‌ಐಆರ್‌ಗೆ ಹೊಸ ಕಲಂ ಸೇರಿಸಲು ನ್ಯಾಯಾಲಯಕ್ಕೆ ಬರೆದು, ಗ್ಯಾರೇಜಿನವನನ್ನು ಕರೆಸಿದಳು. ಅವನಿಗೆ ಊರೆಲ್ಲ ಸೈಲೆನ್ಸರ್ ಎಂದು ಅಡ್ಡಹೆಸರು. ಪಿಸುಮಾತಾಡಿದರೂ ಬೀದಿಯ ಆ ತುದಿಗೆ ಕೇಳಿಸುತ್ತಿತ್ತು, ಅದಕ್ಕೇ ಆ ಹೆಸರು. ಆದರೆ ಅಂದು ಅವನ ದನಿ ಪೂರಾ ಇಳಿದುಹೋಗಿತ್ತು. ಡಾಕ್ಟರ ಮಗಳ ಸುದ್ದಿ ಕೇಳಿದಾಗಿನಿಂದ ತುತ್ತು ಇಳಿದಿಲ್ಲ ಎಂದ.

ಡಾಕ್ಟರಿಗೂ ಅವನಿಗೂ ಜಗಳವಿರಲಿಲ್ಲ. ಎಂಜಿನ್ ಬದಲಾಯಿಸಲು ಇಬ್ಬರೂ ಸೇರಿ ಆರು ತಿಂಗಳು ಒದ್ದಾಡಿದ್ದರು. ದೊಡ್ಡ ಎಂಜಿನ್ ಕೂರಲು ರೇಡಿಯೇಟರನ್ನು ಮುಂದಕ್ಕೆ ಸರಿಸಿ, ಬಾನೆಟ್ ಸ್ವಲ್ಪ ಉಬ್ಬಿಸಿದ್ದರು. ಮೊದಲು ಬ್ರೇಕ್, ಆಮೇಲೆ ಎಂಜಿನ್ ಎಂದು ಹಟ ಹಿಡಿದವರು ಡಾಕ್ಟರೇ. ಎಂಜಿನ್ ಸಿಕ್ಕಿದ್ದು ಗುಜರಿಯಲ್ಲಿ. ಅದನ್ನು ಕಾರಿಗೆ ಕೂರಿಸುವ ಕಬ್ಬಿಣದ ಹಿಡಿಕೆಗಳೂ ಅದರ ಜೊತೆಗೇ ಬಂದಿದ್ದವು. ಯಾರೋ ಮೊದಲೇ ಇಂಥದೇ ಸಣ್ಣ ಕಾರಿಗೆ ಇದೇ ಎಂಜಿನ್ ಹಾಕಲು ಲೇತಿನಲ್ಲಿ ಮಾಡಿದ್ದವು.

"ಅದನ್ನ ಮಾಡಿದೋರು ಪುಣ್ಯಾತ್ಮರು ಮೇಡಂ. ನಾನು ಹಾಗೇ ಎತ್ತಿ ಕೂರಿಸ್ದೆ," ಎಂದ ಸೈಲೆನ್ಸರ್.

"ಗುಜರಿಯವನಿಗೆ ಎಲ್ಲಿಂದ ಬಂತು?"

ಅವನಿಗೆ ಗೊತ್ತಿರಲಿಲ್ಲ. ಆದರೆ ಬಾಗಿಲ ಬಳಿ ನಿಂತಿದ್ದ ದಫೇದಾರ ಎರಡು ಹೆಜ್ಜೆ ಮುಂದೆ ಬಂದ. ಹೊರಗೆ ಬಿಚ್ಚಿಟ್ಟಿದ್ದ ಹಿಡಿಕೆಗಳನ್ನು ಆಗಿನಿಂದ ನೋಡುತ್ತಿದ್ದನಂತೆ, ಎಲ್ಲೋ ಕಂಡ ಹಾಗಿತ್ತಂತೆ.

"ಮೇಡಂ, ಈ ಎಂಜಿನ್ನು ಒಂದು ವರ್ಷ ನಮ್ಮ ಅಂಗಳದಲ್ಲೇ ಬಿದ್ದಿತ್ತು. ನೀವು ಈ ಠಾಣೆಗೆ ಬರೋಕೆ ಮುಂಚೆ."

ಇನ್‌ಸ್ಪೆಕ್ಟರ್ ಹಳೆ ಕಡತ ತೆಗೆಸಿದಳು. ಎರಡು ವರ್ಷದ ಹಿಂದಿನ ಪ್ರಕರಣ. ಇಪ್ಪತ್ತಾರು ವರ್ಷದ ಯುವಕನೊಬ್ಬ ಹಳೆಯ ಸಣ್ಣ ಕಾರಿಗೆ ದೊಡ್ಡ ಎಂಜಿನ್ ಹಾಕಿಕೊಂಡು ಇಳಿಜಾರಿನಲ್ಲಿ ಹೋಗುವಾಗ, ಬ್ರೇಕ್ ಹಿಡಿಯದೆ ಸೇತುವೆಯ ಕಟ್ಟೆಗೆ ಗುದ್ದಿ ಸತ್ತಿದ್ದ. ಬೇರಾರೂ ಭಾಗಿಯಲ್ಲವೆಂದು ಪ್ರಕರಣ ಮುಗಿದಿತ್ತು. ಶವ ಗುರುತಿಸಿದವನು ತಂದೆ, ಉದ್ಯೋಗ ಲೇತ್ ಟರ್ನರ್.

ಉಳಿದದ್ದನ್ನು ದಫೇದಾರ ಹೇಳಿದ. ಆ ಟರ್ನರ್ ಯಜಮಾನರು ಆಗಾಗ ಠಾಣೆಯ ಅಂಗಳಕ್ಕೆ ಬಂದು ಮಗನ ಕಾರಿನ ಮೇಲೆ ಬಿದ್ದ ಎಲೆ ಗುಡಿಸಿ ಹೋಗುತ್ತಿದ್ದರು. ಕಾರು ಬೇಡ, ಎಂಜಿನ್ ಮಾತ್ರ ಕೊಡಿ, ಒಡೆದುಹಾಕುತ್ತೇನೆ ಎಂದು ಕೇಳಿದ್ದರು. ಕಾರು ಮಗ ಕೊಂಡ ಮೇಲೆ ಹೆಸರು ಬದಲಾಗಿರಲಿಲ್ಲ. ಕಾಗದದ ಮಾಲೀಕ ಎಲ್ಲಿದ್ದಾನೋ ಯಾರಿಗೂ ಗೊತ್ತಿರಲಿಲ್ಲ. ಹಾಗಾಗಿ ಕೊಡಲು ಬರುವುದಿಲ್ಲ ಎಂದರು ಠಾಣೆಯವರು. ಹರಾಜಿನ ನೋಟಿಸನ್ನು ಒಳಗಿನ ಗೋಡೆಗೆ ಅಂಟಿಸಿದರು. ಒಳಗಿನ ಗೋಡೆ ನೋಡುವವರು ಯಾರು? ಮುಂದಿನ ಸಲ ಯಜಮಾನರು ಬಂದಾಗ ಕಾರಿದ್ದ ಜಾಗ ಖಾಲಿಯಿತ್ತು.

"ಏನಂದ್ರು?"

"ಖಾಲಿ ಜಾಗದ ಎಲೆಗಳನ್ನೂ ಗುಡಿಸಿದ್ರು ಮೇಡಂ. ಆಮೇಲೆ ಹೋದ್ರು."

ಮರುದಿನ ಬೆಳಗ್ಗೆ ಇನ್‌ಸ್ಪೆಕ್ಟರ್ ಆಸ್ಪತ್ರೆಗೆ ಹೋದಳು. ಡಾಕ್ಟರು ಭುಜಕ್ಕೆ ಪಟ್ಟಿ ಕಟ್ಟಿಸಿಕೊಂಡು ಮಗಳಿದ್ದ ಕೋಣೆಯ ಹೊರಗಿನ ಬೆಂಚಿನ ಮೇಲೆ ಕುಳಿತಿದ್ದರು. ಮಗಳಿಗೆ ಪ್ರಜ್ಞೆ ಬಂದಿತ್ತು. ಆದರೆ ಪಾದ ಚಿವುಟಿದರೆ ಗೊತ್ತಾಗುತ್ತಿಲ್ಲವಂತೆ. ಅಷ್ಟು ಹೇಳಿ, ಅವರು ತಮ್ಮ ಪಾದಗಳನ್ನೇ ನೋಡುತ್ತ ಕುಳಿತರು.

ವಯಸ್ಸಾದ ಟರ್ನರ್ ಯಾರಾದರೂ ಬಂದಿದ್ದರೇ ಎಂದಾಗ ತಲೆಯೆತ್ತಿದರು. ಎರಡು ಸಲ ಬಂದಿದ್ದರು. ಮೊದಲನೇ ಸಲ, ಕಾರು ಬೀದಿಯಲ್ಲಿ ಹೋಗುವ ಸದ್ದು ಕೇಳಿ ಹಿಂದೆಯೇ ಹುಡುಕಿಕೊಂಡು ಬಂದಿದ್ದರು. ಅದು ತನ್ನ ಮಗನ ಎಂಜಿನ್, ಈ ಸಣ್ಣ ಕಾರು ಅದನ್ನು ತಡೆಯುವುದಿಲ್ಲ, ದಯವಿಟ್ಟು ಇಳಿಸಿ ಎಂದು ಕೈ ಮುಗಿದಿದ್ದರು. ಡಾಕ್ಟರು ಅವರನ್ನು ಕೂರಿಸಿ, ಟೀ ಕೊಟ್ಟು, ಬ್ರೇಕ್ ಬದಲಾಯಿಸಿದ್ದೇನೆ, ಏನೂ ಆಗುವುದಿಲ್ಲ ಎಂದು ಸಮಾಧಾನ ಹೇಳಿ ಕಳಿಸಿದ್ದರು. ಎರಡನೇ ಸಲ ಶನಿವಾರ, ಹಲ್ಲುನೋವೆಂದು. ನೋಡಿದರೆ ಹಲ್ಲು ಒಂದೂ ಕೆಟ್ಟಿರಲಿಲ್ಲ. ಹೋಗುವಾಗ ಕ್ಲಿನಿಕ್ಕಿನ ಹಿಂದಿನ ಶೆಡ್ಡಿನಲ್ಲಿದ್ದ ಕಾರನ್ನು ಒಮ್ಮೆ ನೋಡಿ ಹೋಗಲೇ ಎಂದು ಕೇಳಿದ್ದರು.

"ನೋಡಿ ಅಂದೆ. ಇನ್ನೊಬ್ರು ಪೇಷಂಟ್ ಕಾಯ್ತಿದ್ರು, ನಾನು ಜೊತೆಗೆ ಹೋಗಲಿಲ್ಲ." ಇನ್‌ಸ್ಪೆಕ್ಟರ್ ಕಡೆ ತಿರುಗಿ ಕೇಳಿದರು, "ಅವರೇನಾ?"

"ತನಿಖೆ ನಡೀತಿದೆ ಸಾರ್." ಎಂಥ ಒಣ ಮಾತು ಎಂದು ಆಕೆಗೇ ಅನ್ನಿಸಿತು.

ಟರ್ನರ್ ಅವರ ಮನೆ ವರ್ಕ್‌ಶಾಪಿನ ಹಿಂಬದಿಗೆ ಅಂಟಿಕೊಂಡಿತ್ತು. ಪೊಲೀಸರು ಬಂದಾಗ ಲೇತ್ ಓಡುತ್ತಿತ್ತು. ಅವರು ಕೈಲಿದ್ದ ಕೆಲಸ ಅರ್ಧಕ್ಕೆ ಬಿಡದೆ, ಆ ತುಂಡನ್ನು ಪೂರ್ತಿ ತಿರುವಿ, ಅಳೆದು, ಪಕ್ಕಕ್ಕಿಟ್ಟು ಸ್ವಿಚ್ ಆರಿಸಿದರು. ಅಷ್ಟು ಹೊತ್ತು ಇನ್‌ಸ್ಪೆಕ್ಟರ್ ಕಾದಳು. ಯಾಕೆ ಕಾದೆ ಎಂದು ಆಕೆಗೆ ಆಮೇಲೂ ಹೇಳಲಾಗಲಿಲ್ಲ. ಕಪಾಟಿನಲ್ಲಿ ಪೇಸ್ಟಿನ ಖಾಲಿ ಡಬ್ಬಿ ಸಿಕ್ಕಿತು. ಪಂಚರ ಎದುರು ಜಪ್ತಿ ಮಾಡಿದರು. ಅವರು ಮುಚ್ಚಿಡುವ ಪ್ರಯತ್ನವನ್ನೇ ಮಾಡಿರಲಿಲ್ಲ.

"ಶನಿವಾರ ನೀವೇ ಹಾಕಿದ್ದಾ?"

"ಹೌದಮ್ಮ, ನಾನೇ."

"ಓಡೋ ಗಾಡಿ ಉರುಳುತ್ತೆ ಅಂತ ಗೊತ್ತಿರಲಿಲ್ವಾ ನಿಮಗೆ?"

ಉರುಳಬಾರದೆಂದೇ ಲೆಕ್ಕ ಹಾಕಿದ್ದಾಗಿ ಅವರು ಹೇಳಿದರು. ಡಾಕ್ಟರು ಪ್ರತಿ ಭಾನುವಾರ ಎಂಜಿನ್ನನ್ನು ಶೆಡ್ಡಿನಲ್ಲೇ ತುಂಬಾ ಹೊತ್ತು ಓಡಿಸಿ, ಕಾದ ಮೇಲೆ ಹೊರಗೆ ತೆಗೆಯುತ್ತಾರೆ. ಅದನ್ನು ಡಾಕ್ಟರೇ ಹೇಳಿದ್ದರು. ಆ ಹೊತ್ತಿನಲ್ಲಿ ಅಲ್ಲೇ ಹಿಡಿದುಕೊಳ್ಳುತ್ತದೆ, ಕಾರು ಬಾಗಿಲು ದಾಟುವುದಿಲ್ಲ ಎಂದು ಇವರು ಎಣಿಸಿದ್ದರು. ಇಡೀ ಡಬ್ಬಿಯನ್ನೇ ಸುರಿದಿದ್ದರು. ಆದರೆ, ಇನ್‌ಸ್ಪೆಕ್ಟರಿಗೆ ಆಸ್ಪತ್ರೆಯಲ್ಲಿ ತಿಳಿದಿದ್ದ ಹಾಗೆ, ಆ ಭಾನುವಾರ ಗೆಳತಿಯನ್ನು ಬೀಳ್ಕೊಡಲು ಹೊತ್ತಾಯಿತೆಂದು ಮಗಳು ಅವಸರಪಡಿಸಿದ್ದಳು. ಡಾಕ್ಟರು ಸ್ಟಾರ್ಟ್ ಮಾಡಿದವರೇ ಹೊರಟುಬಿಟ್ಟಿದ್ದರು.

"ಗಾಡಿ ನಿಂತ್ಕೊಳ್ಳಲಿ ಅಂತ ಮಾಡಿದ್ದಮ್ಮ. ಮೊದಲೊಂದು ಸಲ ಆ ಮಗು ಡಾಕ್ಟರ ಪಕ್ಕದಲ್ಲಿ ಕೂತು ನಗ್ತಾ ಹೋಗೋದನ್ನ ನೋಡಿದ್ದೆ. ಆವತ್ತಿಂದ ಕಣ್ಣಿಗೆ ನಿದ್ದೇನೇ ಹತ್ತಲಿಲ್ಲ." ಆಮೇಲೆ ಮೆಲ್ಲಗೆ ಕೇಳಿದರು, "ಹೇಗಿದ್ದಾಳೆ?"

ಇನ್‌ಸ್ಪೆಕ್ಟರ್ ಮುಚ್ಚುಮರೆ ಮಾಡಲಿಲ್ಲ. ಜೀವಕ್ಕೆ ಅಪಾಯವಿಲ್ಲ, ಕಾಲಿನದು ಹೇಳುವ ಹಾಗಿಲ್ಲ ಎಂದಳು. ಪೇದೆ ಸ್ಟೂಲು ಸರಿಸಿ ಅವರನ್ನು ಕೂರಿಸಿ ನೀರು ಕೊಟ್ಟ.

ನೀರು ಕುಡಿದ ಮೇಲೆ ಒಂದೊಂದಾಗಿ ಹೇಳಿದರು. ಆ ಎಂಜಿನ್ನನ್ನು ತಂದೆ ಮಗ ಇಬ್ಬರೂ ಇದೇ ನೆಲದ ಮೇಲೆ ಕೂತು ಬಿಚ್ಚಿ ಜೋಡಿಸಿದ್ದರು. ಹಿಡಿಕೆಗಳನ್ನು ಮಾಡಿಕೊಟ್ಟವರು ತಂದೆಯೇ. ಹೆಂಡತಿ ತೀರಿಕೊಂಡ ಮೇಲೆ ಮಗ ಇವರೊಂದಿಗೆ ಬಾಯಿ ತುಂಬ ಮಾತಾಡಿದ್ದು ಆ ಎಂಜಿನ್ ಬಂದಾಗಿನಿಂದ. ಹಾಗಾಗಿ ಬೇಡ ಅನ್ನಲು ಬಾಯಿ ಬಂದಿರಲಿಲ್ಲ. ಹಿಡಿಕೆ ಮಾಡಿಕೊಡದೆ ಹೋಗಿದ್ದರೆ ಎಂಜಿನ್ ನೆಲದ ಮೇಲೇ ಇರುತ್ತಿತ್ತು.

ಇನ್‌ಸ್ಪೆಕ್ಟರ್ ಒಂದು ಪ್ರಶ್ನೆಯನ್ನು ತಡೆದುಕೊಂಡಿದ್ದಳು. ಕೇಳಿದರೆ ಏನೂ ಬದಲಾಗುವುದಿಲ್ಲ ಎಂದು ಗೊತ್ತಿತ್ತು. ಆದರೂ ಕೇಳಿದಳು.

"ಬ್ರೇಕ್ ಬದಲಾಯಿಸಿದ್ದೀನಿ ಅಂತ ಡಾಕ್ಟರು ನಿಮಗೆ ಹೇಳಿದ್ರಲ್ಲ?"

"ಹೇಳಿದ್ರು."

"ಶೆಡ್ಡಿಗೆ ಹೋದೋರು ಒಂದು ಸಲ ಬಗ್ಗಿ ನೋಡಬಹುದಿತ್ತಲ್ಲ?"

"ನೋಡಬಹುದಿತ್ತು. ಆ ಹಿಡಿಕೆ ಕಂಡ್ಮೇಲೆ ನಂಗೆ ಬೇರೇನೂ ಕಾಣಿಸಲಿಲ್ಲ." ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ಅವಳ ಮುಖ ನೋಡದೆ ಹೇಳಿದರು, "ಅಪ್ಪಾ, ಬ್ರೇಕ್ ಬದಲಾಯಿಸಿದೀನಿ, ಏನೂ ಆಗಲ್ಲ ಅಂತ ನನ್ನ ಮಗನೂ ಹೇಳಿದ್ದ. ಬದಲಾಯಿಸಿರಲಿಲ್ಲ."

ಬಂಧನದ ವಿಷಯ ಯಾರಿಗೆ ತಿಳಿಸಬೇಕು ಎಂದು ದಫೇದಾರ ಕೇಳಿದ. ಅದು ನಿಯಮ. ಟರ್ನರ್ ಯೋಚಿಸಿದರು. ಅಂಥವರು ಯಾರೂ ಇಲ್ಲ ಎಂದರು. ಕೊನೆಗೆ, ಸಿದ್ಧವಾದ ಆ ತುಂಡಿನ ಗಿರಾಕಿ ಸಂಜೆ ಬರುತ್ತಾನೆ, ಅದನ್ನು ಪಕ್ಕದ ಅಂಗಡಿಯಲ್ಲಿ ಕೊಟ್ಟು ಹೋಗಬಹುದೇ ಎಂದು ಕೇಳಿದರು. ಇನ್‌ಸ್ಪೆಕ್ಟರ್ ಪೇದೆಯತ್ತ ನೋಡಿದಳು. ಅವನು ಆ ತುಂಡನ್ನು ಕಾಗದದಲ್ಲಿ ಸುತ್ತಿಕೊಂಡು ಪಕ್ಕದ ಅಂಗಡಿಗೆ ನಡೆದ. ಅದು ಇನ್ನೂ ಬೆಚ್ಚಗಿತ್ತು.