ಮಡಕೆಯೊಳಗಿನ ಟಗರುಗಣ್ಣು

ಸಕಲ ಸಜ್ಜನರ ಗಮನಕ್ಕೆ ತರುವುದೇನೆಂದರೆ, ಹುಕ್ಕೇರಿಯ ಕಾಲೇಜೊಂದರಲ್ಲಿ ಮನಃಶಾಸ್ತ್ರ ಕಲಿಸುವ ಅಶೋಕನ ಮೋಟಾರ್‌ಸೈಕಲ್ಲಿಗೆ ಎರಡು ಕನ್ನಡಿಗಳಿದ್ದವು. ಎಡಕ್ಕೊಂದು, ಬಲಕ್ಕೊಂದು, ಎರಡೂ ಒರೆಸಿಟ್ಟವು. ಗಾಡಿ ಕೊಂಡ ಮರುದಿನವೇ ಕನ್ನಡಿ ಬಿಚ್ಚಿ ಅಟ್ಟಕ್ಕೆ ಎಸೆಯುವುದು ಆ ಸೀಮೆಯಲ್ಲಿ ಗಂಡಸುತನದ ಮೊದಲ ಲಕ್ಷಣ. ಅಶೋಕನದು ಕಾಯ್ದೆ ಪಾಲಿಸುವ ಗಾಡಿ. ಅದನ್ನು ನಾಗನೂರಿನ ರಸ್ತೆಯಂಚಿಗೆ ನಿಲ್ಲಿಸಿ, ಕ್ಯಾಮೆರಾ ಹೆಗಲಿಗೇರಿಸಿ, ಕುರಿಗಾರ ಖಂಡೆಪ್ಪನ ಹೊಲಕ್ಕೆ ಇಳಿದ.

"ಕುರಿ ಎಷ್ಟರೆ ಫೋಟೋ ಹೊಡಕೋರಿ ಸರ. ಆ ಜಾಲಿಗಿಡದಾಗಿನ ಮಡಕಿ ಕಡೆ ಮಾತ್ರ ಹೋಗಬ್ಯಾಡ್ರಿ," ಎಂದ ಖಂಡೆಪ್ಪ.

ಅವನ ತಾಯಿ ಉದ್ದವ್ವ ದನಿ ತಗ್ಗಿಸಿದಳು. "ನಮ್ಮ ಹಿಂಡಿಗೆ ಬಿದ್ದ ಕೆಟ್ಟ ಕಣ್ಣೆಲ್ಲ ಸತ್ತ ಟಗರಿನ ಕಣ್ಣಾಗ ಕಟ್ಟಿಸೇವಿ. ಹಿಡಕಲ್ ಕಡ್ಯಾಂವ ಬಂದು ಮಂತ್ರ ಹಾಕಿ ಹೋಗ್ಯಾನ. ಮಡಕಿ ಬಾಯಿ ಬಿಚ್ಚಿದಾಂವಗ ಆ ಕಣ್ಣು ಹತ್ತತಾವು ಮಾಸ್ತರ್ರ."

"ಹತ್ತಲಿ ಬಿಡ್ರಿ ಆಯಿ, ನನ್ನ ಚಸ್ಮಾದ ನಂಬರರೆ ಇಳೀತೈತಿ."

ಅಶೋಕನ ಸಂಶೋಧನೆಯೇ ಕಣ್ಣಿನದು. ನಮ್ಮ ಮಿದುಳಿನಲ್ಲೊಬ್ಬ ಪಹರೆಯವನಿದ್ದಾನೆ ಎಂದು ಹುಡುಗರಿಗೆ ಹೇಳುತ್ತಿದ್ದ. ಎದುರಿನವರ ಕಣ್ಣಲ್ಲಿ ಬಿಳಿ ಎತ್ತ, ಕರಿ ಎತ್ತ ಎಂದು ಅಳೆದು, "ನಿನ್ನನ್ನೇ ನೋಡುತ್ತಿದ್ದಾರೆ" ಎಂದು ರೆಪ್ಪೆ ಬಡಿಯುವುದರೊಳಗೆ ವರದಿ ಕೊಡುತ್ತಾನೆ. ಅನುಮಾನ ಬಂದರೂ "ನಿನ್ನನ್ನೇ" ಅನ್ನುತ್ತಾನೆ, ಅಂಜುಬುರುಕ. ಬಿಳಿಯೇ ಕಾಣದ ಕುರಿಗಣ್ಣಿನ ಮುಂದೆ ಅವನು ಏನು ಮಾಡುತ್ತಾನೆ? ಅಶೋಕನಿಗೆ ಅದು ಬೇಕಿತ್ತು. ಎಂಟು ತಿಂಗಳ ಮಗಳು ಭಾಗ್ಯಾಳ ತಲೆಯಲ್ಲೂ ಆ ಪಹರೆಯವನು ಈಚೆಗೆ ಹಾಜರಾಗಿದ್ದ. ಅಪ್ಪನ ಕಣ್ಣಿಗೆ ಕಣ್ಣು ಕೂಡಿದರೆ ಸಾಕು, ಹಲ್ಲಿಲ್ಲದ ಬಾಯಿ ಇಷ್ಟಗಲ. ಆ ಒಂದು ನಗೆಗಾಗಿ ಅಶೋಕ ದಿನವೂ ಸಂಜೆ ಓಡೋಡಿ ಮನೆ ಸೇರುತ್ತಿದ್ದ.

ಖಂಡೆಪ್ಪ ರೊಟ್ಟಿಗೆ ಕುಳಿತಾಗ ಅಶೋಕ ಜಾಲಿಗಿಡ ಮುಟ್ಟಿದ. ಮಟಮಟ ಮಧ್ಯಾಹ್ನ. ಮಡಕೆಯ ಬಾಯಿಗೆ ಕಟ್ಟಿದ ಬಟ್ಟೆ ಸುಣ್ಣ ಬಡಿದು ಬಿರುಸಾಗಿತ್ತು. ಸುತ್ತ ಹಸಿರು ನೊಣಗಳ ಜೋಗುಳ. ಬಟ್ಟೆ ಕಿತ್ತ.

ವಾಸನೆ ಮೂಗಿಗಲ್ಲ, ನೇರ ನಾಲಿಗೆಗೆ ಬಂತು. ಹುಳಿತ ಹಾಲು, ಹಳೇ ಗಾಯ, ಒದ್ದೆ ಉಣ್ಣೆ. ಕೀವಿನಂಥ ಹಳದಿ ಲೋಳೆಯಲ್ಲಿ ಎರಡು ಕಣ್ಣುಗುಡ್ಡೆಗಳು ತೇಲುತ್ತಿದ್ದವು. ಬಿಳಿಹುಳಗಳು ಅವುಗಳ ಸುತ್ತ ಅಕ್ಕಿ ಕುದಿದಂತೆ ಕುದಿಯುತ್ತಿದ್ದವು. ಗುಡ್ಡೆಗಳ ಕರಿ ಅಡ್ಡಡ್ಡ, ಕಾಣಿಕೆ ಹುಂಡಿಯ ಸೀಳಿನಂತೆ. ಎತ್ತ ನೋಡುತ್ತಿವೆಯೋ ತಿಳಿಯದು. ತಲೆಯೊಳಗಿನ ಪಹರೆಯವನು ಕಿರುಚಿದ: ನಿನ್ನನ್ನೇ!

ಒಂದು ಗುಡ್ಡೆ ಪಟ್ಟೆಂದು ಒಡೆಯಿತು. ಬೆಚ್ಚನೆಯ ಹನಿ ಅಶೋಕನ ತುಟಿಗೆ ಹಾರಿ ಒಳಗಿಳಿಯಿತು. ಉಪ್ಪುಪ್ಪು.

ಅಲ್ಲೇ ಕಾರಿಕೊಂಡ. ನೀರಿಗಾಗಿ ಕೂಗುತ್ತ ಓಡಿದ. ಖಂಡೆಪ್ಪ ತಲೆಯೆತ್ತಿ ಅವನ ಮುಖ ನೋಡಿದ್ದೇ ತಡ, ತಿಂದ ರೊಟ್ಟಿಯೆಲ್ಲ ಗಂಗಾಳಕ್ಕೇ ವಾಪಸು. ಮುಖ ತೋರಿದರೆ ತೆರೆಯುವ ಅಶೋಕನ ಫೋನು ನಾಲ್ಕು ಸಲ ನೋಡಿ ನಾಲ್ಕೂ ಸಲ ಗುರುತಿಲ್ಲ ಎಂದಿತು.

ಉದ್ದವ್ವ ಸೆರಗು ಮುಖಕ್ಕೆಳೆದು ಬೆನ್ನು ತಿರುಗಿಸಿದಳು. "ಕರಿಗುಡ್ಡಿ ಅಡ್ಡ ಆಗ್ಯಾವಪಾ ನಿನ್ನೂ. ಎತ್ತ ನೋಡತಾವಂತ ತಿಳಿವಲ್ದು. ಹೊಟ್ಟಿ ತೊಳಸತೈತಿ."

"ಆಯಿ, ಮನ್ಯಾಗ ಕೂಸು ಐತ್ರಿ!"

"ಆ ಕೂಸಿನ ಸಲುವಾಗೇ ದೃಷ್ಟಿ ತಗೀತೇನಿ. ಇಲ್ಲಂದ್ರ ಉಗುಳಿ ಕಳಸತಿದ್ನಿ."

ಮುದುಕಿ ಬೆನ್ನು ಮಾಡಿಕೊಂಡೇ ಹಿಂದೆ ಹಿಂದೆ ಸರಿದು ಬಂದು, ಕೈ ಹಿಂದಕ್ಕೆ ಚಾಚಿ ಉಪ್ಪು, ಸಾಸಿವೆ, ಒಣಮೆಣಸಿನಕಾಯಿ ನಿವಾಳಿಸಿ ಚಿಂದಿಯಲ್ಲಿ ಕಟ್ಟಿಕೊಟ್ಟಳು. "ಕಲ್ಲೋಳಿ ದಾಟಿ ಮೂರು ದಾರಿ ಕೂಡುವಲ್ಲಿ ಒಗಿ. ಅಲ್ಲಿಂದ ಮನಿ ಹೊಸ್ತಿಲಾ ದಾಟೂತನಕ ಹಿಂದಿಂದು ಕಣ್ಣಿಗೆ ಬೀಳಬಾರದು. ಯಾರರೆ ಕರೀಲಿ, ಏನರೆ ಬರಲಿ."

ಅಶೋಕ ಭರ್ಜರಿ ಯೋಜನೆ ಹಾಕಿದ. ಕುತ್ತಿಗೆ ತಿರುಗದಂತೆ ಟವೆಲ್ ನಾಲ್ಕು ಸುತ್ತು ಬಿಗಿದ. ಅದರ ಮೇಲೆ ಹೆಲ್ಮೆಟ್. ಯಾರೂ ಕರೆಯದಂತೆ ಫೋನು ಬಂದ್. ಕಲ್ಲೋಳಿ ದಾಟಿ ಗಂಟು ಒಗೆದ. ಗೇರು ಹಾಕಿದ.

ಹಿಂದೆ ಗೊರಸಿನ ಸದ್ದು. ಒಂದಲ್ಲ, ಹಿಂಡು. ಒದ್ದೆ ಉಣ್ಣೆಯ ನಾತ. ಮೆಲುಕು ಹಾಕುವ ಲೊಚಲೊಚ ಕಿವಿಯ ಹತ್ತಿರವೇ. "ಅಶೋಕಾ..." ಸತ್ತ ಅಪ್ಪನ ದನಿ. ತಿರುಗಲಿಲ್ಲ. ಬೆನ್ನಿಗೆ ಬೆಚ್ಚನೆ ಜೊಲ್ಲು. ತಿರುಗಲಿಲ್ಲ. ಗೋಕಾಕದ ಹೊರವಲಯ. ಹಿಂದೆ ಲಾರಿಯ ಹಾರ್ನ್. ಅಭ್ಯಾಸಬಲ. ಸೈಡ್ ಕೊಟ್ಟ. ಲಾರಿ ಮುಂದೆ ಬರದೆ ಹಿಂದೆಯೇ ಅಡ್ಡದಾರಿಗೆ ಹೊರಳಿತು. ಗೊರಸು ನಿಂತಿತು. ನಾತ ಹೋಯಿತು. ಗಾಳಿ ಬರೀ ಗಾಳಿಯಾಯಿತು. ಗೆದ್ದೆ! ಹುಕ್ಕೇರಿ. ಓಣಿ. ಬಾಗಿಲು. ಹೊಸ್ತಿಲು ದಾಟಿದ.

ಹೆಂಡತಿ ಮಾಯಾ ಅಡುಗೆಮನೆಯಲ್ಲಿದ್ದಳು. ಚಾಪೆಯ ಮೇಲೆ ಭಾಗ್ಯಾ. ಹೆಲ್ಮೆಟ್ ತೆಗೆದು ಮಂಡಿಯೂರಿದ. ಮಗಳು ಕಣ್ಣೆತ್ತಿದಳು. ಅಪ್ಪನ ಮುಖದ ಮೇಲೆ ಅವಳ ಕಣ್ಣು ಏನನ್ನೋ ಹುಡುಕಿತು. ಎಡಕ್ಕೆ. ಬಲಕ್ಕೆ. ಸಿಗಲಿಲ್ಲ. ಬಾಯಿ ಅಗಲವಾಯಿತು. ನಗೆ ಬರಲಿಲ್ಲ. ಮೊಸರಾದ ಹಾಲು ಬಂತು. ಆಮೇಲೆ ಕೂಸು ಮುಖವನ್ನು ಚಾಪೆಗೆ ಒತ್ತಿಕೊಂಡು, ಉಸಿರು ಕಟ್ಟಿ, ಮೇಲೇಳದೆ ಚೀರತೊಡಗಿತು.

ಹಿತ್ತಲಿಗೋಡಿ, ಅಂಕಿ ಒತ್ತಿ ಫೋನು ತೆರೆದು, ಖಂಡೆಪ್ಪನ ನಂಬರಿಗೆ ಹಚ್ಚಿದ. ಉದ್ದವ್ವ ಎತ್ತಿದಳು.

"ಕುತ್ತಿಗಿ ತಿರುಗಿಸಿಲ್ಲರಿ ಆಯಿ! ಮಗಳ ಆಣಿ!"

"ಕುತ್ತಿಗಿ ಯಾರ ಕೇಳ್ಯಾರೋ? ಹಿಂದಿಂದು ಕಣ್ಣಿಗೆ ಬಿತ್ತೇನು?"

"ಇಲ್ಲರಿ. ಗೋಕಾಕದಾಗ ಒಂದು ಲಾರಿ ಬಂತು, ಕೆಂಪಂದು. ಅದಕ್ಕ ಸೈಡ್ ಕೊಟ್ನಿ, ಮುಂದ ಬರದ ಹಿಂದ ಹೊರಳಿ ಹೋತು, ಅಷ್ಟ."

"ಹಿಂದಿನ ಲಾರಿ ಕೆಂಪಂತ ನಿನಗ ಹೆಂಗ ತಿಳೀತು?" ಆಯಿ ಉಸಿರೆಳೆದುಕೊಂಡಳು. "ಲೇ ಮಾಸ್ತರ... ನಿನ್ನ ಗಾಡಿಗೆ ಕನ್ನಡಿ ಅದಾವೇನೋ?"

ಒಳಗೆ ಕೂಸು ಮತ್ತೆ ಓಕರಿಸಿತು.

"ಅದಾವ್ರಿ ಆಯಿ. ಎರಡೂ," ಎಂದ ಅಶೋಕ. "ಕಾಯ್ದೆ ಐತಲ್ರಿ."