ಜೇಡಕ್ಕಿಟ್ಟ ಹೆಸರು

"ಇಲ್ಲಿಗೆ ಬರ್ಲಿಕ್ಕೆ ನಿನಗೆ ಧೈರ್ಯ ಹೇಗೆ ಬಂತು?!"

ಸಾಂಬಾರಿನ ಬಕೆಟ್ ಹಿಡಿದಿದ್ದ ಪ್ರಣೀತಾ ಸಿಡಿದಳು. ಪುಣೆಯಲ್ಲಿ ಅವಳ ಅಪ್ಪ ಮೋಹನದಾಸರು ನಡೆಸುವ ಹೋಟೆಲಿನ ಮೂಲೆಯ ಟೇಬಲ್ಲಿನಲ್ಲಿ ಮನೋಜ ಕುಳಿತಿದ್ದ. ಎಂಟು ತಿಂಗಳ ನಂತರ!

ಸೊರಗಿದ್ದ. ಗಡ್ಡ ಬೆಳೆದಿತ್ತು. ಅವಳಿಗೆ ಅಯ್ಯೋ ಅನ್ನಿಸಿತು... ಮರುಕ್ಷಣವೇ ಹಳೆಯ ಸಿಟ್ಟು ನೆತ್ತಿಗೇರಿತು.

ಹೇಗೆ ಮರೆತಾಳು? ಇಬ್ಬರೂ ಒಂದೇ ಪ್ರಯೋಗಾಲಯದಲ್ಲಿ ಜೇಡಗಳ ಬೆನ್ನು ಹತ್ತಿದವರು. ಪುಣೆ ಹತ್ತಿರದ ಶಿರೂರಿನ ಹುಲ್ಲುಗಾವಲಿನಲ್ಲಿ ಆ ಪುಟ್ಟ ಜೇಡವನ್ನು ಮೊದಲು ಕಂಡವಳು ಅವಳು. ಅದರ ಕಾಲಿನ ಮುಳ್ಳುಗಳನ್ನು ಸೂಕ್ಷ್ಮದರ್ಶಕದಲ್ಲಿ ಎಣಿಸಿ, ಇದು ಈವರೆಗೆ ಯಾರೂ ಹೆಸರಿಡದ ಪ್ರಭೇದ ಎಂದವಳೂ ಅವಳೇ. ಆದರೆ ಲೇಖನ ಅಚ್ಚಾದಾಗ ಲೇಖಕರ ಸಾಲಿನಲ್ಲಿದ್ದದ್ದು ಮನೋಜನ ಹೆಸರೊಂದೇ!

ಆ ಸಾಲಿನಿಂದಾಚೆ ಅವಳು ಓದಲಿಲ್ಲ. 'ಇನ್ನು ಮುಖ ತೋರಿಸಬೇಡ' ಎಂದು ಮೆಸೇಜ್ ಕಳಿಸಿ ಅವನನ್ನು ಬ್ಲಾಕ್ ಮಾಡಿದಳು. ಲ್ಯಾಬಿನವರು ಮಾತು ಎತ್ತಿದರೆ ಫೋನ್ ಇಟ್ಟುಬಿಟ್ಟಳು. ತನ್ನ ಹೆಸರಿನ ಲೇಖನವಿಲ್ಲದೆ ಫೆಲೋಶಿಪ್ ಕೈತಪ್ಪಿತು. ಅಂದಿನಿಂದ ಹೋಟೆಲೇ ಗತಿಯಾಯಿತು.

"ಪ್ರಣೀ... ನೀನು ಪೇಪರ್ ಓದ್ಲೇ ಇಲ್ವಾ?"

"ಎಂತ ಓದ್ಲಿಕ್ಕುಂಟು ಅದರಲ್ಲಿ?"

ಅವನು ಅದೇ ಲೇಖನದ ಮಡಿಸಿದ ಹಾಳೆಗಳನ್ನು ಮುಂದೆ ಸರಿಸಿದ. ಎರಡನೇ ಪುಟದಲ್ಲಿ ಆ ಜೇಡದ ಹೆಸರಿತ್ತು. ಪ್ರಣೀತಾ ಓದಿದಳು. ಕಣ್ಣು ಉಜ್ಜಿಕೊಂಡು ಮತ್ತೆ ಓದಿದಳು.

ಜೇಡಕ್ಕೆ ಅವಳದೇ ಹೆಸರು!

"ಬರೆದವರಲ್ಲಿ ನೀನೂ ಇದ್ದಿದ್ರೆ ನಿನ್ನ ಹೆಸರಿಡೋಕೆ ಆಗ್ತಿರ್ಲಿಲ್ಲ ಕಣೇ... ಸರ್ಪ್ರೈಸ್ ಕೊಡೋಣ ಅಂತ..."

ನಿಜ. ಲೇಖಕರು ತಮ್ಮ ಹೆಸರನ್ನೇ ಹೊಸ ಜೀವಿಗೆ ಇಟ್ಟುಕೊಂಡರೆ ವಿಜ್ಞಾನಿಗಳ ವಲಯದಲ್ಲಿ ನಗೆಪಾಟಲು. ಅದಕ್ಕೇ ಈ ಮಹಾಶಯ ಪ್ರೀತಿ ತೋರಿಸಲು ಹೋಗಿ ಅವಳ ಬದುಕನ್ನೇ ಹಾಳುಮಾಡಿದ್ದ! ಓದಿದವರ ದಡ್ಡತನಕ್ಕೆ ಏನೆನ್ನಬೇಕು?

ಪ್ರಣೀತಾಳ ಕಣ್ಣೀರು ಹಾಳೆಯ ಮೇಲೆ ಬಿತ್ತು.

"ಕೇಳಬೇಕಿತ್ತಲ್ಲ ಮಾರಾಯ! ಜೇಡಕ್ಕೆ ನನ್ನ ಹೆಸರು ಯಾರಿಗೆ ಬೇಕಿತ್ತು? ನಿನ್ನ ಹೆಸರಿನ ಪಕ್ಕ ಇದ್ದಿದ್ರೆ ಸಾಕಿತ್ತು ನನಗೆ..."

"ತಪ್ಪಾಯ್ತು. ನಿನ್ನನ್ನ ಪ್ರೀತಿಸ್ತೀನಿ ಅಂತ ನೇರವಾಗಿ ಹೇಳೋಕೆ ಬರ್ಲಿಲ್ಲ ನಂಗೆ. ಮುಖ ತೋರಿಸಬೇಡ ಅಂದೆ, ದೂರ ಇದ್ದೆ. ಇವತ್ತೂ ಬರ್ತಿರ್ಲಿಲ್ಲ..." ಅವನ ದನಿ ಕುಗ್ಗಿತು. "ಶಿರೂರಿನ ಆ ಹುಲ್ಲುಗಾವಲಿಗೆ ಜೆಸಿಬಿ ಬಂದಿದೆ. ಅರ್ಧ ಸಮ ಮಾಡಿಬಿಟ್ಟಿದಾರೆ."

ಆ ಜೇಡ ಬೇರೆಲ್ಲೂ ಸಿಕ್ಕಿರಲಿಲ್ಲ. ಅವರು ಹಿಡಿದದ್ದೂ ಗಂಡುಗಳನ್ನು ಮಾತ್ರ, ಅವು ಲ್ಯಾಬಿನ ಸೀಸೆಯಲ್ಲಿದ್ದವು. ಹೆಣ್ಣು ಹೇಗಿರುತ್ತದೆಂದು ಇನ್ನೂ ಯಾರೂ ಕಂಡಿರಲಿಲ್ಲ.

"ಉಳಿದಿರೋ ಕಡೆ ಹುಡುಕಬೇಕು. ನಿನ್ನ ಕಣ್ಣಿಗೆ ಬಿದ್ದ ಹಾಗೆ ಅದು ನನ್ನ ಕಣ್ಣಿಗೆ ಬೀಳಲ್ಲ. ಹೆಣ್ಣು ಸಿಕ್ಕಿದ್ರೆ ಅದರ ವಿವರ ನೀನು ಬರಿ. ಆಗಲೇ ಇಟ್ಟ ಹೆಸರಿಗೆ ಅದೇನೂ ಅಡ್ಡಿ ಬರಲ್ಲ."

"ಎಲ್ಲ ಹೋಗಿದ್ರೆ?"

ಎಂಟು ತಿಂಗಳು ವ್ಯರ್ಥವಾಗಿ ಕಳೆದದ್ದು ನೆನೆದು ಇಬ್ಬರೂ ತಲೆ ತಗ್ಗಿಸಿದರು.

ಕೊನೆಗೆ ಪ್ರಣೀತಾ ಬಕೆಟ್ ಕೆಳಗಿಟ್ಟು ಕಣ್ಣೊರೆಸಿಕೊಂಡಳು.

"ಹೋಗಿದ್ರೆ, ಹೋಯ್ತು ಅಂತ ಬರೆಯುವ. ಅದನ್ನೂ ಯಾರಾದರೂ ಬರೆಯಬೇಕಲ್ಲ?"

"ಇಬ್ರೂನಾ?"

"ಹೌದು."

"ನಿನ್ನ ಹೆಸರು ಮೊದಲು," ಎಂದ ಮನೋಜ, ಅಳುಕುತ್ತಾ ಅವಳ ಕೈ ಹಿಡಿದು.

ಅವಳು ಕೈ ಬಿಡಿಸಿಕೊಳ್ಳಲಿಲ್ಲ.

"ಯಾರದ್ದು ಮೊದಲಾದ್ರೂ ಅಡ್ಡಿಲ್ಲ. ಇನ್ನು ನನ್ನನ್ನು ಬಿಟ್ಟು ಎಂತದ್ದೂ ಬರೀಬೇಡ ಮನೋಜಾ... ಪ್ರೀತಿಗಾದ್ರೂ ಸರಿ!"